ನಾಳೆ ಹಿಮ ಬೀಳುವುದೆ?

ಹಿಮವೆಂದರೆ ನಮ್ಮಲ್ಲಿ ಬಹುಮಂದಿಗೆ ಪುರಾಣಗಳ ಹಿಮವಂತನೂ ಚಿತ್ರಪಟಗಳ ಬೆಳ್ಳನೆಯ ಶಿಖರಗಳೂ ನೆನಪಿಗೆ ಬರುವುವು. ಅದು ಬೀದಿಯಲ್ಲಿ ಬಿದ್ದು, ಮನೆಯ ಬಾಗಿಲನ್ನು ಮುಚ್ಚಿ, ಕೆಲಸಕ್ಕೆ ಹೋದವರನ್ನು ಸಂಜೆ ಹಿಂದಿರುಗದಂತೆ ಮಾಡಬಲ್ಲ ವಸ್ತುವೆಂಬುದು ನಮ್ಮ ಅನುಭವಕ್ಕೆ ದೂರವಾದ ಮಾತು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯದ ಮೂಲೆಯಲ್ಲಿ, ಬಾಸ್ಟನ್ ನಗರದಲ್ಲಿಯೂ ಅದರ ಸುತ್ತಣ ಊರುಗಳಲ್ಲಿಯೂ, ಪ್ರತಿ ಚಳಿಗಾಲದಲ್ಲಿ ಇದು ಮನೆಮನೆಯ ಚಿಂತೆ. ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಹೋಗಿ ಅಲ್ಲಿ ನೆಲೆಸಿರುವ ಕನ್ನಡಿಗರು ಸಹ ರಾತ್ರಿ ಮಲಗುವ ಮುನ್ನ ಕೇಳುವ ಪ್ರಶ್ನೆ ಇದೇ: ನಾಳೆ ಹಿಮ ಬೀಳುವುದೆ? ಬಿದ್ದರೆ ಎಷ್ಟು ಅಂಗುಲ? ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಹೇಳುವುದು ಏಕೆ ಅಷ್ಟು ಕಷ್ಟವೆಂಬುದನ್ನೂ, ಹೇಳಿದ ಉತ್ತರವನ್ನು ಜನರು ಹೇಗೆ ತೆಗೆದುಕೊಂಡರೆಂಬುದನ್ನೂ ಕುರಿತು ಈ ಸಂಜೆ ಕೆಲವು ಮಾತುಗಳನ್ನು ಹೇಳಬೇಕೆಂದಿರುವೆನು.

ಆ ಸೀಮೆಗೆ ಭಾರಿ ಹಿಮವನ್ನು ತರುವ ಬಿರುಗಾಳಿಗೆ ಅಲ್ಲಿಯ ಜನ ‘ನಾರ್‌ಈಸ್ಟರ್’ ಎಂದು ಹೆಸರಿಟ್ಟಿರುವರು. ಈಶಾನ್ಯದಿಂದ ಬೀಸುವುದೆಂದು ಅರ್ಥ. ಹೆಸರನ್ನು ಕೇಳಿ ಬಿರುಗಾಳಿಯೂ ಈಶಾನ್ಯದಿಂದಲೇ ಬರುವುದೆಂದು ಭಾವಿಸಬಾರದು. ಅದು ಬರುವುದು ದಕ್ಷಿಣದಿಂದ. ಉತ್ತರ ಕೆರೊಲೈನಾದ ಹ್ಯಾಟರಸ್ ಭೂಶಿರದ ಆಚೀಚೆ, ಗಲ್ಫ್ ಪ್ರವಾಹದ ಬೆಚ್ಚನೆಯ ನೀರಿನ ಅಂಚಿನಲ್ಲಿ, ವಾಯುಭಾರವು ಕುಗ್ಗಿ ಒಂದು ಸುಳಿ ಹುಟ್ಟಿ, ಕರಾವಳಿಯನ್ನು ಅನುಸರಿಸಿ ಉತ್ತರಕ್ಕೂ ಪೂರ್ವಕ್ಕೂ ಸಾಗುವುದು. ಉತ್ತರಾರ್ಧಗೋಳದಲ್ಲಿ ಇಂತಹ ಸುಳಿಯ ಸುತ್ತ ಗಾಳಿಯು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುವುದರಿಂದ, ಸುಳಿಯ ವಾಯವ್ಯ ಭಾಗದಲ್ಲಿ ಬೀಳುವ ಬಾಸ್ಟನ್ನಿಗೆ ಗಾಳಿ ಈಶಾನ್ಯದಿಂದ, ಸಮುದ್ರದ ಮೇಲಿನಿಂದ ಬರುವುದು. ಅದೇ ಕಾಲಕ್ಕೆ ಕೆನಡದ ಕ್ವಿಬೆಕ್ ಪ್ರಾಂತದ ಮೇಲೆ ತಣ್ಣನೆಯ, ಭಾರವಾದ ವಾಯುರಾಶಿಯೊಂದು ಕುಳಿತಿರಬೇಕು. ಕಡಲು ತೇವವನ್ನು ಕೊಡುವುದು, ಉತ್ತರದೇಶವು ಚಳಿಯನ್ನು ಕೊಡುವುದು. ಇವೆರಡೂ ಕೂಡಿದಾಗ ಸುಳಿಯು ಎಷ್ಟು ಬೇಗ ಉಗ್ರವಾಗುವುದೆಂದರೆ, ಕೆಲವೊಮ್ಮೆ ಒಂದೇ ಹಗಲಿರುಳಿನಲ್ಲಿ ಅದರ ನಡುವಿನ ವಾಯುಭಾರ ೨೪ ಮಿಲಿಬಾರುಗಳಿಗಿಂತಲೂ ಹೆಚ್ಚಾಗಿ ಇಳಿಯುವುದು. ಆ ಸೀಮೆಯವರೇ ಆದ ಪ್ರೊಫೆಸರ್ ಫ್ರೆಡರಿಕ್ ಸ್ಯಾಂಡರ್ಸರು ೧೯೮೦ರಲ್ಲಿ ಜಾನ್ ಗ್ಯಾಕಮ್ ಅವರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ ಇಂತಹ ಸುಳಿಗಳಿಗೆ ‘ಬಾಂಬು’ ಎಂದೇ ಹೆಸರು ಕೊಟ್ಟರು. ಪಂಡಿತರು ಇಡುವ ಹೆಸರುಗಳಲ್ಲಿ ಜನರ ಬಾಯಿಗೆ ಹತ್ತುವಂತಹವು ವಿರಳ, ಇದು ಹತ್ತಿತು.

ಸುಳಿ ಹುಟ್ಟುವುದೆಂಬುದನ್ನು ಈಗ ಮೂರು ನಾಲ್ಕು ದಿನ ಮೊದಲೇ ಹೇಳುವುದು ಬಹುಮಟ್ಟಿಗೆ ಸಾಧ್ಯ. ಕಷ್ಟವಿರುವುದು ಅದು ಯಾವ ದಾರಿ ಹಿಡಿಯುವುದೆಂಬುದರಲ್ಲಿ. ಬಾಸ್ಟನ್ ಸೀಮೆಯ ಮುನ್ಸೂಚಕರು ಬಹುಕಾಲದಿಂದ ನಕ್ಷೆಯಲ್ಲಿ ಒಂದು ಬಿಂದುವನ್ನು ಗುರುತು ಮಾಡಿಕೊಂಡಿರುವರು. ಅದು ಉತ್ತರ ಅಕ್ಷಾಂಶ ೪೦ ಡಿಗ್ರಿಯೂ ಪಶ್ಚಿಮ ರೇಖಾಂಶ ೭೦ ಡಿಗ್ರಿಯೂ ಕೂಡುವ ಸ್ಥಳ. ನಾಂಟಕೆಟ್ ದ್ವೀಪದ ದಕ್ಷಿಣಕ್ಕೆ, ಬರಿಯ ನೀರು. ಸುಳಿಯ ನಡುವು ಈ ಬಿಂದುವಿನ ಸಮೀಪದಲ್ಲಿ ಹಾದುಹೋದರೆ ಬಾಸ್ಟನ್ನಿಗೆ ಭಾರಿ ಹಿಮ. ಅದಕ್ಕಿಂತ ಬಹಳ ಒಳಗೆ, ದಡದ ಕಡೆಗೆ ಸರಿದರೆ ಸಮುದ್ರದ ಬೆಚ್ಚನೆಯ ಗಾಳಿ ನಗರವನ್ನು ಹೊಕ್ಕು, ಅಲ್ಲಿ ಬೀಳುವುದು ಮಳೆ. ಹಿಮವು ಪಶ್ಚಿಮಕ್ಕಿರುವ ವೂಸ್ಟರ್ ಬೆಟ್ಟಗಳ ಪಾಲು. ಬಹಳ ಹೊರಗೆ ಸರಿದರೆ ನಗರಕ್ಕೆ ಮೋಡ ಮಾತ್ರ, ಹಿಮವೆಲ್ಲ ಮೀನುಗಳಿಗೆ. ಇದು ಶಾಸ್ತ್ರದ ನಿಯಮವಲ್ಲ, ಅನುಭವದ ಗುರುತು. ಆದರೂ ಒಂದು ಸೀಮೆಯ ಹವೆಯನ್ನು ಬಲ್ಲವನಿಗೂ ಸಾಮಾನ್ಯ ಹವಾಶಾಸ್ತ್ರವನ್ನು ಮಾತ್ರ ಬಲ್ಲವನಿಗೂ ಇರುವ ಅಂತರ ಇಂತಹ ಗುರುತುಗಳಲ್ಲಿಯೇ ಇರುವುದೆಂದು ನನಗೆ ತೋರುವುದು.

ಹಿಮಕ್ಕೂ ಮಳೆಗೂ ನಡುವಣ ಗೆರೆ ಅಷ್ಟು ತೆಳುವಾದುದು. ಆಗುಂಬೆಯಲ್ಲಿ ಧಾರಾಕಾರವಾಗಿ ಸುರಿಯುತ್ತಿರುವಾಗ ಪೂರ್ವಕ್ಕೆ ಕೆಲವು ಹರದಾರಿ ಬಂದರೆ ಬಿಸಿಲು ಕಾಣುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಆದರೆ ನಮ್ಮಲ್ಲಿ ಆ ಗೆರೆಯನ್ನು ಎಳೆದದ್ದು ಘಟ್ಟ, ಅದು ಕದಲುವುದಿಲ್ಲ. ಅಲ್ಲಿ ಗೆರೆಯು ಒಂದೊಂದು ಬಿರುಗಾಳಿಗೂ ಒಂದೊಂದು ಕಡೆ ಬೀಳುವುದು. ಒಂದೇ ಬಿರುಗಾಳಿಯಲ್ಲಿ ಗಂಟೆಗಂಟೆಗೂ ಸರಿದಾಡುವುದು. ಕಡಲಿನ ನೀರು ಡಿಸೆಂಬರಿನ ಮೊದಲಲ್ಲಿ ಇನ್ನೂ ಬೇಸಗೆಯ ಶಾಖವನ್ನು ಸ್ವಲ್ಪ ಉಳಿಸಿಕೊಂಡಿರುವುದು; ಫೆಬ್ರವರಿಯ ವೇಳೆಗೆ ತಣ್ಣಗಾಗಿರುವುದು. ಆದಕಾರಣ ಒಂದೇ ದಾರಿಯಲ್ಲಿ ಬಂದ ಎರಡು ಸುಳಿಗಳಲ್ಲಿ ಡಿಸೆಂಬರಿನದು ಮಳೆಯನ್ನೂ ಫೆಬ್ರವರಿಯದು ಹಿಮವನ್ನೂ ತರಬಹುದು. ಕಡಲಗಾಳಿಯೂ ಒಳನಾಡಿನ ಚಳಿಗಾಳಿಯೂ ಸಂಧಿಸುವ ಕಡೆ ಐದಾರು ಮೈಲಿಗಳ ಅಂತರದಲ್ಲಿ ಉಷ್ಣತೆಯು ಹತ್ತು ಫಾರೆನ್‌ಹೀಟ್ ಡಿಗ್ರಿಗಳಿಗೂ ಮೀರಿ ವ್ಯತ್ಯಾಸವಾಗುವುದುಂಟು. ಬಂದರಿನ ಬಳಿ ಕೊಡೆ ಹಿಡಿದವನು ಟ್ರೈನಿನಲ್ಲಿ ಅರ್ಧ ಗಂಟೆ ಪಯಣಿಸಿ ಮೊಣಕಾಲುದ್ದದ ಹಿಮದಲ್ಲಿ ಇಳಿಯಬಹುದು.

ನೆಲದ ಮೇಲಿನ ಉಷ್ಣಮಾಪಕವನ್ನು ನೋಡಿ ನಿಶ್ಚಯಿಸೋಣವೆಂದರೆ ಅದೂ ಮೋಸ ಮಾಡುವುದು. ನೆಲದಲ್ಲಿ ೩೦ ಡಿಗ್ರಿ ಇದ್ದು, ಐದು ಸಾವಿರ ಅಡಿಗಳ ಮೇಲೆ ಬೆಚ್ಚನೆಯ ಪದರವೊಂದು ನುಸುಳಿದ್ದರೆ, ಬೀಳುವ ಹಿಮವು ಅಲ್ಲಿ ಕರಗಿ, ಕೆಳಗೆ ಬಂದು, ರಸ್ತೆಯ ಮೇಲೂ ತಂತಿಗಳ ಮೇಲೂ ಗಾಜಿನಂತೆ ಹೆಪ್ಪುಗಟ್ಟುವುದು. ಇದಕ್ಕೆ ಪ್ರತಿಯಾಗಿ, ನೆಲದಲ್ಲಿ ೩೮ ಡಿಗ್ರಿ ಇದ್ದರೂ ಹವೆಯು ಒಣಗಿದ್ದರೆ, ಮೊದಲು ಬಿದ್ದ ಹನಿಗಳು ಆವಿಯಾಗಿ, ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವಂತೆ, ಹವೆಯನ್ನು ೩೨ ಡಿಗ್ರಿಯ ಹತ್ತಿರಕ್ಕೆ ಇಳಿಸಬಲ್ಲವು; ಆಮೇಲೆ ಮಳೆಯೇ ಹಿಮವಾಗುವುದು. ಅಂಗುಲಗಳ ಲೆಕ್ಕದಲ್ಲಿಯೂ ಇಂತಹುದೇ ತೊಡಕು. ಒಂದಂಗುಲ ನೀರಿಗೆ ಹತ್ತಂಗುಲ ಹಿಮವೆಂಬುದು ಹಳೆಯ ಲೆಕ್ಕ. ಆದರೆ ಒದ್ದೆ ಹಿಮವಾದರೆ ಐದೇ ಅಂಗುಲವಾದೀತು, ಒಣಹಿಮವಾದರೆ ಹದಿನೈದು ಇಪ್ಪತ್ತಾದೀತು. ಅದು ಮೋಡದೊಳಗೆ ಹರಳು ಯಾವ ಚಳಿಯಲ್ಲಿ ಬೆಳೆಯಿತೆಂಬುದನ್ನು ಅವಲಂಬಿಸಿರುವುದು. ಜಪಾನಿನ ಉಕಿಚಿರೊ ನಕಯಾ ಎಂಬ ಪಂಡಿತರು ೧೯೩೬ರಲ್ಲಿ ಪ್ರಯೋಗಶಾಲೆಯಲ್ಲಿ ಮೊಲದ ಕೂದಲಿನ ಮೇಲೆ ಕೃತಕವಾಗಿ ಹಿಮದ ಹರಳನ್ನು ಬೆಳೆಸಿ, ಚಳಿಗೂ ತೇವಕ್ಕೂ ತಕ್ಕಂತೆ ಅದರ ಆಕಾರ ಬದಲಾಗುವುದನ್ನು ತೋರಿಸಿಕೊಟ್ಟರು.

ಇಷ್ಟೆಲ್ಲವನ್ನೂ ಗಣಿತಕ್ಕೆ ಒಪ್ಪಿಸಬಾರದೆ ಎಂದು ನೀವು ಕೇಳಬಹುದು. ಒಪ್ಪಿಸಿರುವರು. ಇಂಗ್ಲೆಂಡಿನ ಲೂಯಿ ರಿಚರ್ಡ್‌ಸನ್ನರು ೧೯೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹವೆಯ ಚಲನೆಯನ್ನು ಸಮೀಕರಣಗಳಿಂದ ಲೆಕ್ಕ ಹಾಕುವ ಮಾರ್ಗವನ್ನು ತೋರಿಸಿದರು. ಕೈಯಿಂದ ಮಾಡಿದ ಅವರ ಲೆಕ್ಕ ತಪ್ಪಿತು, ಮಾರ್ಗ ತಪ್ಪಿರಲಿಲ್ಲ. ೧೯೫೦ರಲ್ಲಿ ಅಮೆರಿಕದ ಗಣಕಯಂತ್ರವೊಂದು ಆ ಮಾರ್ಗದಲ್ಲಿ ಮೊದಲ ಹೆಜ್ಜೆಯಿಟ್ಟಿತು. ಆದರೆ ಬಾಸ್ಟನ್ನಿಗೆ ನದಿಯಾಚೆಯೇ ಇರುವ ಕೇಂಬ್ರಿಜ್ಜಿನ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ, ೧೯೬೧ರಲ್ಲಿ, ಎಡ್ವರ್ಡ್ ಲಾರೆನ್ಸರು ಒಂದು ವಿಚಿತ್ರವನ್ನು ಕಂಡರು. ಯಂತ್ರದಲ್ಲಿ ನಡೆಸಿದ್ದ ಒಂದು ಕಲ್ಪಿತ ಹವೆಯ ಲೆಕ್ಕವನ್ನು ಮತ್ತೊಮ್ಮೆ ನಡುವಿನಿಂದ ನಡೆಸಬೇಕಾಗಿ ಬಂದು, ೦.೫೦೬೧೨೭ ಎಂದಿದ್ದ ಸಂಖ್ಯೆಯ ಬದಲು ೦.೫೦೬ ಎಂದು ಕೊಟ್ಟು, ಕಾಫಿ ಕುಡಿಯಲು ಹೋದರು. ಹಿಂದಿರುಗಿ ನೋಡುವಷ್ಟರಲ್ಲಿ ಎರಡನೆಯ ಲೆಕ್ಕದ ಹವೆ ಮೊದಲನೆಯದಕ್ಕೆ ಸಂಬಂಧವೇ ಇಲ್ಲದಂತೆ ಬೇರೆಯಾಗಿತ್ತು. ಆರಂಭದ ಕಿಂಚಿತ್ ವ್ಯತ್ಯಾಸವು ಬೆಳೆಬೆಳೆದು ಎಲ್ಲವನ್ನೂ ಕೆಡಿಸಬಲ್ಲುದೆಂಬ ಈ ತತ್ತ್ವವನ್ನು ಅವರು ೧೯೬೩ರಲ್ಲಿ ಪ್ರಕಟಿಸಿದರು. ಮೂರು ದಿನಗಳ ಮೇಲೆ ಬಾಸ್ಟನ್ನಿಗೆ ಹಿಮ ತರುವ ಕ್ಷೋಭೆ ಇಂದು ಶಾಂತಸಾಗರದ ಮೇಲೆ, ಅಳತೆಗಳು ವಿರಳವಾಗಿರುವ ಕಡೆ ಇರುವುದುಂಟು. ಅಲ್ಲಿಯ ಅರ್ಧ ಡಿಗ್ರಿಯ ತಪ್ಪು ಇಲ್ಲಿಗೆ ಬರುವ ವೇಳೆಗೆ ಐವತ್ತು ಮೈಲಿಯಾಗಬಹುದು.

ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು, ಪ್ರಾಮಾಣಿಕವಾದುದು ಸಹ. ಲೆಕ್ಕವನ್ನು ಒಂದೇ ಸಲ ಮಾಡದೆ, ಆರಂಭದ ಅಂಕಿಗಳನ್ನು ಅತ್ತಿತ್ತ ಸ್ವಲ್ಪಸ್ವಲ್ಪ ಬದಲಾಯಿಸಿ ಹಲವು ಸಲ ಮಾಡುವರು. ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಮುಖ್ಯಕಚೇರಿಯುಳ್ಳ ಯೂರೋಪಿನ ಸಂಸ್ಥೆಯು ಇಂತಹ ೫೧ ಲೆಕ್ಕಗಳನ್ನು ಒಟ್ಟಿಗೆ ನಡೆಸುವ ಪದ್ಧತಿಯನ್ನಿಟ್ಟುಕೊಂಡಿತು. ಎಲ್ಲವೂ ಒಂದೇ ದಾರಿಯನ್ನು ತೋರಿಸಿದರೆ ಧೈರ್ಯವಾಗಿ ಹೇಳಬಹುದು. ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ ಹೋದರೆ ಹಾಗೆಂದೇ ಹೇಳಬೇಕು. ಹೇಳುವುದು ಸುಲಭ, ಕೇಳುವವರಿಗೆ ಒಪ್ಪಿಗೆಯಾಗಬೇಕಲ್ಲ! ಇಲ್ಲಿಂದ ಮುಂದಿನದು ಹವೆಯ ವಿಷಯವಲ್ಲ, ಮನುಷ್ಯರ ವಿಷಯ. ಎರಡು ಬಿರುಗಾಳಿಗಳನ್ನು ನಿದರ್ಶನವಾಗಿ ತೆಗೆದುಕೊಳ್ಳುವೆನು.

ಮೊದಲನೆಯದು ೧೯೭೮ನೆಯ ಫೆಬ್ರವರಿ ೬, ೭ರದು. ಭಾರಿ ಹಿಮ ಬೀಳುವುದೆಂದು ಮುಂಚಿತವಾಗಿ ಎಚ್ಚರಿಕೆಯನ್ನು ಕೊಟ್ಟಿದ್ದರು. ಸೋಮವಾರ ಬೆಳಗಿನ ಹೊತ್ತಿಗೇ ಆರಂಭವಾಗುವುದೆಂದು ಹೇಳಿದ್ದರು. ಜನರು ಎದ್ದು ಕಿಟಕಿಯಿಂದ ನೋಡಿದರು, ಹಿಮದ ಸುಳಿವಿಲ್ಲ. ಮುನ್ಸೂಚನೆ ಮತ್ತೊಮ್ಮೆ ಸುಳ್ಳಾಯಿತೆಂದುಕೊಂಡು ಕೆಲಸಗಳಿಗೆ ಹೊರಟರು. ಹಿಮ ಕೆಲವೇ ಗಂಟೆ ತಡವಾಗಿ, ಹೊತ್ತೇರಿದ ಮೇಲೆ ಮೊದಲಾಯಿತು; ಮೊದಲಾದ ಮೇಲೆ ಮರುದಿನದವರೆಗೂ ಬಿಡಲಿಲ್ಲ. ಮಧ್ಯಾಹ್ನ ಎಲ್ಲರೂ ಒಮ್ಮೆಗೇ ಮನೆಗೆ ಹಿಂದಿರುಗಲು ಹೊರಟಾಗ ನಗರವನ್ನು ಬಳಸುವ ೧೨೮ನೆಯ ಹೆದ್ದಾರಿಯಲ್ಲಿ ಸುಮಾರು ಮೂರು ಸಾವಿರ ಕಾರುಗಳೂ ಐನೂರು ಲಾರಿಗಳೂ ಹಿಮದಲ್ಲಿ ಹೂತುಹೋದುವು. ಕೆಲವರು ಚಳಿಗೆ ಎಂಜಿನನ್ನು ನಡೆಸಿಕೊಂಡು ಒಳಗೇ ಕುಳಿತರು. ಹೊಗೆ ಹೋಗುವ ಕೊಳವೆ ಹಿಮದಿಂದ ಮುಚ್ಚಿ, ವಿಷವಾಯು ಒಳಗೆ ತುಂಬಿ, ಕುಳಿತಲ್ಲಿಯೇ ಪ್ರಾಣ ಬಿಟ್ಟರು. ಬಾಸ್ಟನ್ನಿನಲ್ಲಿ ೨೭.೧ ಅಂಗುಲ ಬಿದ್ದಿತು. ಆ ಸೀಮೆಯಲ್ಲೆಲ್ಲ ಕೂಡಿ ಮಡಿದವರು ಸುಮಾರು ನೂರು ಮಂದಿ. ಪ್ರಮಾಣವನ್ನು ಹೇಳಿದ್ದರಲ್ಲಿ ದೊಡ್ಡ ದೋಷವಿರಲಿಲ್ಲ; ಆರಂಭದ ಗಂಟೆ ಮಾತ್ರ ಸ್ವಲ್ಪ ತಪ್ಪಿತು. ಜನರು ತೂಗಿ ನೋಡಿದ್ದು ಆ ಗಂಟೆಯನ್ನೇ.

ಎರಡನೆಯದು ೨೦೧೫ನೆಯ ಜನವರಿ ೨೬, ೨೭ರದು. ಬಾಸ್ಟನ್ನಿನ ನೈಋತ್ಯಕ್ಕೆ ಸುಮಾರು ಇನ್ನೂರು ಮೈಲಿ ದೂರದ ನ್ಯೂಯಾರ್ಕ್ ನಗರಕ್ಕೂ ಈ ಸುಳಿಯ ಭಾಗವಿತ್ತು. ಅಲ್ಲಿಗೆ ೨೦ರಿಂದ ೩೦ ಅಂಗುಲವೆಂದು ಸಾರಿದರು. ೧೯೦೪ರಿಂದ ನಡೆಯುತ್ತಿದ್ದ ನೆಲದೊಳಗಣ ರೈಲನ್ನು ಹಿಮದ ಕಾರಣಕ್ಕಾಗಿ ಮೊಟ್ಟಮೊದಲು ನಿಲ್ಲಿಸಿದರು. ಬೆಳಗಾಗಿ ನೋಡಿದರೆ ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು ೯.೮ ಅಂಗುಲ. ನಗರವೆಲ್ಲ ನಕ್ಕಿತು, ಪತ್ರಿಕೆಗಳು ಹೀಗಳೆದುವು. ಫಿಲಡೆಲ್ಫಿಯ, ನ್ಯೂಜೆರ್ಸಿಗಳ ಮುನ್ಸೂಚನೆಯನ್ನು ನೋಡಿಕೊಳ್ಳುವ ಮೌಂಟ್ ಹಾಲಿ ಕಚೇರಿಯ ಮುಖ್ಯಸ್ಥರು ಜನರ ಕ್ಷಮೆಯನ್ನೇ ಕೇಳಿದರು. ಆದರೆ ಅದೇ ಬೆಳಗ್ಗೆ ಲಾಂಗ್ ದ್ವೀಪದ ಪೂರ್ವಭಾಗದಲ್ಲಿ ಎರಡಡಿಯಷ್ಟು, ಬಾಸ್ಟನ್ನಿನಲ್ಲಿ ೨೪.೬ ಅಂಗುಲ, ವೂಸ್ಟರಿನಲ್ಲಿ ೩೪.೫ ಅಂಗುಲ ಬಿದ್ದಿತ್ತು. ಸುಳಿಯು ಎಣಿಸಿದ್ದಕ್ಕಿಂತ ಕೆಲವು ಹತ್ತು ಮೈಲಿ ಪೂರ್ವಕ್ಕೆ ಸರಿದಿತ್ತು, ಅಷ್ಟೆ. ಸಾವಿರ ಮೈಲಿ ಬಂದ ಸುಳಿಗೆ ಅದೊಂದು ತಪ್ಪೆ? ಆಕಾಶದ ಲೆಕ್ಕದಲ್ಲಿ ಅಲ್ಲ. ಎಂಬತ್ತು ಲಕ್ಷ ಜನರಿರುವ ನಗರವು ಆ ಮೈಲಿಗಳಲ್ಲಿಯೇ ಬಿದ್ದುದರಿಂದ ತಪ್ಪಾಯಿತು.

ಅಂದಿನ ಲೆಕ್ಕಗಳು ಒಂದೇ ಮಾತನ್ನು ಹೇಳಿರಲಿಲ್ಲ. ಯೂರೋಪಿನ ಲೆಕ್ಕ ನ್ಯೂಯಾರ್ಕಿಗೆ ಹೆಚ್ಚು ಹಿಮವನ್ನು ಹೇಳಿತ್ತು, ಅಮೆರಿಕದ ಲೆಕ್ಕವೊಂದು ಕಡಮೆ ಹೇಳಿತ್ತು. ಆ ಸಂದೇಹವು ಮುನ್ಸೂಚಕರ ಮೇಜಿನ ಮೇಲಿತ್ತು. ಬೀದಿಗೆ ಬಂದದ್ದು ಇಪ್ಪತ್ತರಿಂದ ಮೂವತ್ತು ಎಂಬ ಅಂಕಿ. ದೋಷವಿದ್ದರೆ ಇಲ್ಲಿತ್ತೆಂದು ನನ್ನ ಅಭಿಪ್ರಾಯ. ಈಚಿನ ವರ್ಷಗಳಲ್ಲಿ ಅಲ್ಲಿಯ ರಾಷ್ಟ್ರೀಯ ಹವಾ ಇಲಾಖೆಯು ಬೀಳಬಹುದಾದ ಪ್ರಮಾಣದೊಡನೆ, ಕಡಮೆಯೆಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂಬ ಬೇರೆ ಎರಡು ನಕ್ಷೆಗಳನ್ನೂ ಕೊಡತೊಡಗಿದೆ. ಕಡಮೆಯದು ನಾಲ್ಕಂಗುಲ, ಹೆಚ್ಚಿನದು ಹದಿನಾರೆಂದು ಕಂಡರೆ, ಇದೇನು ಜ್ಯೋತಿಷ್ಯವೆಂದು ಹಾಸ್ಯ ಮಾಡುವವರುಂಟು. ಜ್ಯೋತಿಷಿಯು ತನ್ನ ಸಂದೇಹವನ್ನು ಅಳೆದು ಕೊಡುವುದಿಲ್ಲ. ಬೆಳಗಿನ ಜಾವ ಐದು ಗಂಟೆಗೆ ಶಾಲೆ ತೆರೆಯಬೇಕೆ ಬೇಡವೆ ಎಂದು ನಿಶ್ಚಯಿಸಬೇಕಾದ ಅಧಿಕಾರಿಗೂ, ಉಪ್ಪು ಎರಚುವ ಲಾರಿಗಳನ್ನು ಹೊರಡಿಸಬೇಕಾದವನಿಗೂ ಹದಿನಾರಕ್ಕೆ ಅವಕಾಶವಿದೆಯೆಂಬುದು ತಿಳಿಯುವುದೇ ಮುಖ್ಯ. ಆಸ್ಪತ್ರೆಯ ದಾದಿಗೆ ರಾತ್ರಿಯೇ ಬಂದು ಮಲಗೆಂದು ಹೇಳಬೇಕಾದುದು ಎಂಟಂಗುಲಕ್ಕಲ್ಲ, ಹದಿನಾರಕ್ಕೆ.

ಹಿಮ ನಿಂತ ಮೇಲೆ ಮುನ್ಸೂಚನೆ ನಿಜವಾಯಿತೆ ಎಂದು ತಿಳಿಯಲು ಅಳೆಯಬೇಕಷ್ಟೆ. ಅಲ್ಲಿಯೂ ನಿಯಮವಿದೆ. ಬಿಳಿಯ ಬಣ್ಣ ಬಳಿದ ಹಲಗೆಯೊಂದನ್ನು ಬಯಲಿನಲ್ಲಿಟ್ಟು, ಅದರ ಮೇಲಿನ ಹಿಮವನ್ನು ಅಂಗುಲದ ಹತ್ತನೆಯ ಒಂದು ಭಾಗದವರೆಗೆ ಅಳೆದು, ಹಲಗೆಯನ್ನು ಒರಸಿಡುವರು. ಒರಸುವುದು ಆರು ಗಂಟೆಗೊಮ್ಮೆಗಿಂತ ಹೆಚ್ಚಾಗಿರಕೂಡದು. ಹಿಮವು ತನ್ನ ಭಾರದಿಂದ ತಾನೇ ಕುಸಿಯುವುದರಿಂದ, ಗಂಟೆಗೊಮ್ಮೆ ಒರಸಿ ಕೂಡಿಸಿದವನ ಮೊತ್ತ ದೊಡ್ಡದಾಗಿ ಬರುವುದು. ಬಾಸ್ಟನ್ನಿನ ದಕ್ಷಿಣಕ್ಕೆ ಹತ್ತು ಮೈಲಿಯ ಬ್ಲೂ ಹಿಲ್ ಎಂಬ ಗುಡ್ಡದ ಮೇಲೆ ಅಬಟ್ ಲಾರೆನ್ಸ್ ರಾಚ್ ಎಂಬುವರು ಸ್ವಂತ ಹಣದಿಂದ ೧೮೮೫ರಲ್ಲಿ ಕಟ್ಟಿಸಿದ ವೀಕ್ಷಣಾಲಯದಲ್ಲಿ ಅಂದಿನಿಂದ ಹವೆಯ ದಾಖಲೆ ನಡೆದುಬಂದಿದೆ. ಗುಡ್ಡದ ಎತ್ತರ ೬೩೫ ಅಡಿ. ನಗರದ ಅಧಿಕೃತ ಅಳತೆ ನಡೆಯುವುದು ಬಂದರಿನ ನೀರಿನ ಮಟ್ಟದಲ್ಲಿರುವ ವಿಮಾನನಿಲ್ದಾಣದಲ್ಲಿ. ೨೦೧೪–೧೫ರ ಚಳಿಗಾಲದಲ್ಲಿ ಅಲ್ಲಿ ಒಟ್ಟು ೧೧೦.೬ ಅಂಗುಲ ಬಿದ್ದು, ಹಿಂದಿನ ದಾಖಲೆಗಳೆಲ್ಲ ಹಿಂದಾದುವು. ಗುಡ್ಡದವರ ಅಂಕಿಯೂ ಬಂದರಿನವರ ಅಂಕಿಯೂ ಒಂದೇ ಬಿರುಗಾಳಿಗೆ ಬೇರೆಬೇರೆಯಾಗಿರುವುದು ವಾಡಿಕೆ. ಮರುದಿನ ಬೆಳಗ್ಗೆ ಮುನ್ಸೂಚಕನು ಆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಗೆರೆಯು ರಾತ್ರಿ ಯಾವ ಊರಿನ ಮೇಲೆ ಹಾದುಹೋಯಿತೆಂದು ನಕ್ಷೆಯಲ್ಲಿ ಹುಡುಕುವನು.