ಬಿಸಾಡುವ ಮುಂಚೆ ಒಮ್ಮೆ ನೋಡಿ
(ಸ್ವಸಹಾಯ ಸಂಘಗಳ ಕಂಪ್ಯೂಟರ್ ಕೇಂದ್ರಗಳನ್ನು ನಡೆಸುವ ಸಹೋದರಿಯರ ತರಬೇತಿಯಲ್ಲಿ ನೀಡಿದ ಭಾಷಣ)



ಉಳಿತಾಯ, ಸಾಲ, ಆರೋಗ್ಯ ಅಂತ ಎಷ್ಟೋ ವಿಷಯ ನಾವು ಸೇರಿ ಮಾತಾಡಿದ್ದೇವೆ. ಇವತ್ತಿನ ವಿಷಯ ಪ್ರಿಂಟರ್. "ಇದೇನು ಸಿಸ್ಟರ್, ರಿಪೇರಿ ಕೆಲಸ ನಮಗ್ಯಾಕೆ?" ಎಂದು ನಗಬೇಡಿ. ಒಂದು ವಿಧವಾ ವೇತನದ ಅರ್ಜಿ ಯೋಚಿಸಿ ನೋಡಿ. ಹೆಸರು ಪುಟ್ಟಮ್ಮ. ಪ್ರಿಂಟಿನಲ್ಲಿ ಒಂದು ಬಿಳಿ ಗೆರೆ ಸರಿಯಾಗಿ ಒತ್ತಕ್ಷರದ ಮೇಲೆ ಹಾದು ಹೋದರೆ ಆಕೆ 'ಪುಟಮ' ಆಗುತ್ತಾಳೆ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಹೆಸರು ಎಂದು ಕಚೇರಿಯವರು ವಾಪಸ್ ಕಳಿಸಿದರೆ ಅವಳ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಅಕ್ಷರ ಸ್ಪಷ್ಟವಾಗಿ ಬರುವುದೂ ಒಂದು ಸೇವೆಯೇ.

ನಮ್ಮ ಕೇಂದ್ರಗಳಲ್ಲಿ ಕಾರ್ಟ್ರಿಜ್ ಖಾಲಿಯಾದರೆ ಸಿರಿಂಜ್‌ನಲ್ಲಿ ಇಂಕ್ ತುಂಬುತ್ತೇವೆ. ಹೊಸದಕ್ಕೆ ಕೊಡುವ ದುಡ್ಡಿನಲ್ಲಿ ಹಲವು ಸಲ ತುಂಬಬಹುದು, ಇದು ಒಳ್ಳೆಯ ಉಳಿತಾಯ. ಆದರೆ ತುಂಬಿದ ಮೇಲೆ ಪ್ರಿಂಟ್ ಮಸುಕಾದರೆ ಎರಡು ತಪ್ಪು ನಡೆಯುತ್ತದೆ. ಕೆಲವರು "ಇದು ಕೆಟ್ಟುಹೋಯ್ತು" ಎಂದು ಬಿಸಾಡುತ್ತಾರೆ. ಕೆಲವರು "ಓದೋಕೆ ಬರುತ್ತಲ್ಲ, ಸಾಕು" ಎಂದು ಹಾಗೇ ಕೊಟ್ಟುಬಿಡುತ್ತಾರೆ. ಮೊದಲನೆಯದು ಸಂಘಕ್ಕೆ ನಷ್ಟ, ಎರಡನೆಯದು ಬಡವರಿಗೆ ನಷ್ಟ. ದೋಷ ಎಲ್ಲಿದೆ ಎಂದು ಗುರುತಿಸಲು ಕಲಿತರೆ ಎರಡೂ ತಪ್ಪುತ್ತವೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯೋಣ. ಎಚ್‌ಪಿ ಕಂಪೆನಿ 1984ರಲ್ಲಿ ಥಿಂಕ್‌ಜೆಟ್ ಎಂಬ ಪ್ರಿಂಟರ್ ತಂದಿತು. ಅಂದಿನ ತತ್ವವೇ ಇಂದಿನ ಎಚ್‌ಪಿ, ಕೆನಾನ್‌ನ ಸಣ್ಣ ಪ್ರಿಂಟರ್‌ಗಳಲ್ಲೂ ಇದೆ. ಕಾರ್ಟ್ರಿಜ್ ಒಳಗೆ ಸ್ಪಂಜು, ಕೆಳಗೆ ಕೂದಲಿಗಿಂತ ಸಣ್ಣ ತೂತುಗಳು. ಇವುಗಳಿಗೆ ನಾಜಲ್ ಎನ್ನುತ್ತಾರೆ. ಪ್ರತಿ ತೂತಿನ ಹತ್ತಿರ ಒಂದು ಪುಟ್ಟ ಹೀಟರ್ ಇರುತ್ತದೆ. ಅದು ಇಂಕನ್ನು ಕ್ಷಣದಲ್ಲಿ ಕಾಯಿಸಿ ಗುಳ್ಳೆ ಎಬ್ಬಿಸುತ್ತದೆ, ಗುಳ್ಳೆ ಹನಿಯನ್ನು ಕಾಗದದ ಮೇಲೆ ತಳ್ಳುತ್ತದೆ. ಹಾಗಾಗಿ ಇದಕ್ಕೆ ಬೇಕಾದದ್ದು ನಾಲ್ಕು: ಸರಿಯಾದ ಇಂಕು, ಒಳಗೆ ಹೋಗಲು ಗಾಳಿ, ಒಣಗದ ನಾಜಲ್, ಕರೆಂಟ್ ಹರಿಯಲು ಸ್ವಚ್ಛವಾದ ತಾಮ್ರದ ಚುಕ್ಕೆಗಳು. ಕಾಯಿಲೆ ಯಾವುದಾದರೂ ಈ ನಾಲ್ಕರಲ್ಲೇ ಹುಡುಕಿ.

ನಾಲ್ಕೈದು ಸಾಲು ಚೆನ್ನಾಗಿ ಬಂದು ಆಮೇಲೆ ಮಸುಕಾಗುತ್ತದಾ? ಅದು ಗಾಳಿಯ ತೊಂದರೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಾಗವಾಗಿ ಸುರಿಯುವುದಿಲ್ಲ, ಎರಡನೇ ತೂತು ಮಾಡುತ್ತೇವೆ ಅಲ್ವಾ? ಇಲ್ಲೂ ಹಾಗೇ. ತುಂಬಿದ ಮೇಲೆ ಮೇಲಿನ ಗಾಳಿತೂತನ್ನೂ ಸೇರಿಸಿ ಟೇಪ್ ಅಂಟಿಸಿದರೆ ಇಂಕು ಇಳಿಯುವುದಿಲ್ಲ. ಟೇಪ್ ಸಡಿಲಿಸಿ. ಸಿರಿಂಜನ್ನು ಜೋರಾಗಿ ಒತ್ತಿದರೆ ಸ್ಪಂಜಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನಿಧಾನವಾಗಿ ತುಂಬಿ, ಒಂದು ಗಂಟೆ ಬಿಟ್ಟು ಪ್ರಿಂಟ್ ತೆಗೆಯಿರಿ.

ಅಕ್ಷರದ ಮಧ್ಯೆ ಬಿಳಿ ಗೆರೆಗಳು ಬರುತ್ತವಾ? ಕೆಲವು ನಾಜಲ್ ಒಣಗಿ ಕಟ್ಟಿಕೊಂಡಿವೆ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿದ ಟಿಶ್ಯೂ ಮೇಲೆ ನಾಜಲ್ ತಾಗುವಂತೆ ಕೆಲವು ನಿಮಿಷ ಇಡಿ. ಆಮೇಲೆ ಒಣ ಟಿಶ್ಯೂಗೆ ಮೆಲ್ಲಗೆ ಒತ್ತಿ. ಇಂಕಿನ ಗುರುತು ಪೂರ್ತಿಯಾಗಿ ಮೂಡಬೇಕು. ತಿಕ್ಕಬೇಡಿ, ಪಿನ್ ಚುಚ್ಚಬೇಡಿ. ಕಂಪ್ಯೂಟರಿನ ಕ್ಲೀನಿಂಗ್ ಆಯ್ಕೆಯನ್ನು ಎರಡು ಮೂರು ಸಲಕ್ಕಿಂತ ಹೆಚ್ಚು ಒತ್ತಬೇಡಿ. ಒಂದೊಂದು ಸಲಕ್ಕೂ ನೀವು ತುಂಬಿದ ಇಂಕೇ ಖರ್ಚಾಗುತ್ತದೆ.

ಬಣ್ಣ ಅದಲುಬದಲಾಗಿದೆಯಾ? ಕಲರ್ ಕಾರ್ಟ್ರಿಜ್‌ನಲ್ಲಿ ನೀಲಿ, ಗುಲಾಬಿಗೆಂಪು, ಹಳದಿ ಎಂದು ಮೂರು ಕೋಣೆಗಳಿವೆ. ಯಾವ ತೂತಿಗೆ ಯಾವ ಬಣ್ಣ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ತುಂಬುವ ಮುಂಚೆ ಕಡ್ಡಿ ಹಾಕಿ ತೆಗೆದು ಬಣ್ಣ ನೋಡಿಕೊಳ್ಳಿ. ಹೆಚ್ಚು ತುಂಬಿದರೂ ಒಂದು ಕೋಣೆಯದು ಪಕ್ಕಕ್ಕೆ ಸೇರುತ್ತದೆ, ಕಾಗದದ ಮೇಲೆ ಹನಿಯೂ ಬೀಳುತ್ತದೆ. ಟಿಶ್ಯೂಗೆ ಒತ್ತುತ್ತಾ ಹೆಚ್ಚಿನದನ್ನು ತೆಗೆಯಿರಿ, ಮೂರು ಬಣ್ಣ ಬೇರೆ ಬೇರೆಯಾಗಿ ಕಾಣುವವರೆಗೆ.

ಏನೂ ಬರುವುದೇ ಇಲ್ಲವಾ? ಮೊದಲು ತಾಮ್ರದ ಚುಕ್ಕೆಗಳನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಕೈ ತಾಗಿಸಬೇಡಿ. ಟಿಶ್ಯೂ ಮೇಲೆ ಇಂಕು ಮೂಡಿಯೂ ಪ್ರಿಂಟ್ ಬಾರದಿದ್ದರೆ ಬಹುಶಃ ಹೀಟರ್ ಸುಟ್ಟಿದೆ. ಆ ಹೀಟರನ್ನು ತಂಪಾಗಿಡುವುದು ಇಂಕೇ. ಇಂಕಿಲ್ಲದೆ ಪ್ರಿಂಟ್ ತೆಗೆದರೆ ಖಾಲಿ ಬಾಣಲೆಯನ್ನು ಒಲೆ ಮೇಲಿಟ್ಟ ಹಾಗೆ. ಆದ್ದರಿಂದ ಪೂರ್ತಿ ಬತ್ತುವ ಮುಂಚೆಯೇ ತುಂಬಿ. ತುಂಬಿದ ಮೇಲೂ ಕಂಪ್ಯೂಟರ್ 'ಇಂಕ್ ಖಾಲಿ' ಎಂದು ತೋರಿಸಿದರೆ ಹೆದರಬೇಡಿ. ಅದು ಲೆಕ್ಕ ಹಾಕಿ ಹೇಳುವ ಮಾತು, ಒಳಗೆ ಇಣುಕಿ ನೋಡಿದ್ದಲ್ಲ.

ಇನ್ನೊಂದು ಎಚ್ಚರಿಕೆ. ಎಪ್ಸನ್ ಪ್ರಿಂಟರ್‌ಗಳಲ್ಲಿ ನಾಜಲ್ ಇರುವುದು ಯಂತ್ರದಲ್ಲೇ, ಕಾರ್ಟ್ರಿಜ್‌ನಲ್ಲಿ ಅಲ್ಲ. ಇಂಕ್ ಟ್ಯಾಂಕ್ ಇರುವ ಹೊಸ ಮಾಡೆಲ್‌ಗಳೂ ಹಾಗೆಯೇ. ಟಿಶ್ಯೂ ಉಪಾಯ ಅಲ್ಲಿ ಬೇಡ, ಕ್ಲೀನಿಂಗ್ ಆಯ್ಕೆಯನ್ನೇ ಬಳಸಿ.

ಇಂಕಿನಲ್ಲೂ ಎರಡು ಜಾತಿ. ನೀರಿನಲ್ಲಿ ಪೂರ್ತಿ ಕರಗುವ ಡೈ, ಪುಡಿ ಬೆರೆತ ಪಿಗ್‌ಮೆಂಟ್. ಡೈ ಕಾರ್ಟ್ರಿಜ್‌ಗೆ ಪಿಗ್‌ಮೆಂಟ್ ತುಂಬಿದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಇನ್ನೊಂದು ಕಡೆ, ಡೈಯಲ್ಲಿ ಬಂದ ಅಕ್ಷರ ಮಳೆ ಹನಿಗೆ ಹರಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಜಿ ಹಿಡಿದು ನಡೆದು ಹೋಗುವವರನ್ನು ನೆನಪಿಟ್ಟುಕೊಂಡು ಮುಖ್ಯ ಕಾಗದಗಳನ್ನು ಪಿಗ್‌ಮೆಂಟ್ ಕಪ್ಪಿನಲ್ಲಿ ಅಥವಾ ಲೇಸರ್ ಪ್ರಿಂಟರ್‌ನಲ್ಲೇ ತೆಗೆದುಕೊಡಿ.

ಯಾವ ಕಾರ್ಟ್ರಿಜ್ ಕೂಡ ಚಿರಂಜೀವಿಯಲ್ಲ. ನಿಜವಾಗಿಯೂ ಸತ್ತದ್ದನ್ನು ಹಿತ್ತಲಲ್ಲಿ ಸುಡಬೇಡಿ, ಅದು ಇ-ತ್ಯಾಜ್ಯ. ಒಂದು ಡಬ್ಬದಲ್ಲಿ ಕೂಡಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ನಮ್ಮನ್ನು ಎಚ್ಚರಿಸಿದ್ದಾರೆ. ವಸ್ತುವನ್ನು ಬೇಗ ಬಿಸಾಡುವ ಅಭ್ಯಾಸ ಆಮೇಲೆ ಮನುಷ್ಯರ ಮೇಲೂ ಬರುತ್ತದೆ ಎಂಬುದನ್ನು ನಾವು ಮರೆಯಬಾರದು.

ಕೊನೆಯದಾಗಿ ಒಂದು ನಿಯಮ ಮಾಡಿಕೊಳ್ಳೋಣ. ಬೆಳಿಗ್ಗೆ ಕೇಂದ್ರ ತೆರೆದ ಕೂಡಲೇ ಒಂದು ಪರೀಕ್ಷಾ ಪ್ರಿಂಟ್ ತೆಗೆದು ಗೆರೆ ಗೆರೆಯಾಗಿ ನೋಡಿ. ಸರಿಯಿಲ್ಲದಿದ್ದರೆ ಸರಿಪಡಿಸುವ ತನಕ ಯಾರ ಅರ್ಜಿಯನ್ನೂ ಮುದ್ರಿಸಬೇಡಿ. ಮಸುಕಾದ ಪ್ರತಿಗೆ ದುಡ್ಡು ತೆಗೆದುಕೊಳ್ಳಬೇಡಿ. ಓದು ಬಾರದ ಅಜ್ಜಿಗೆ ಅದು ಮಸುಕೋ ಸ್ಪಷ್ಟವೋ ಗೊತ್ತಾಗುವುದಿಲ್ಲ. ನಮ್ಮ ಮೇಲಿನ ನಂಬಿಕೆಯಿಂದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಆ ನಂಬಿಕೆಯನ್ನು ಉಳಿಸಿಕೊಳ್ಳೋಣ.

ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.