ಗ್ರಾಹಕನೂ ತೆರಿಗೆದಾರನೇ



‘ನಾನು ವಿದ್ಯಾರ್ಥಿ, ನನಗೆಲ್ಲಿಯ ತೆರಿಗೆ?’ ಎಂದು ನಿಮ್ಮಲ್ಲಿ ಹಲವರು ಭಾವಿಸಿರಬಹುದು. ಆದಾಯ ತೆರಿಗೆ ಕಟ್ಟುವವರು ಕೆಲವರೇ. ಆದರೆ ಅಂಗಡಿಗೆ ಹೋಗುವವರೆಲ್ಲರೂ ತೆರಿಗೆದಾರರೇ. ಒಂದು ಸೋಪು ಕೊಳ್ಳುವ ಕೂಲಿಕಾರನೂ ಶ್ರೀಮಂತನೂ ಅದರ ಮೇಲೆ ಒಂದೇ ದರದಲ್ಲಿ ತೆರಿಗೆ ಕೊಡುತ್ತಾರೆ. ಆದ್ದರಿಂದ ಇದರ ಲೆಕ್ಕ ತಿಳಿಯುವುದು ಬಡವರಿಗೇ ಹೆಚ್ಚು ಅಗತ್ಯ.

ನಮ್ಮ ರಾಜ್ಯದಲ್ಲಿ ಮೊದಲು 1957ರ ಕಾಯ್ದೆಯಂತೆ ಮಾರಾಟ ತೆರಿಗೆ ಇತ್ತು. 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂತು. 2017ರ ಜುಲೈ 1ರಿಂದ ಹೆಚ್ಚಿನ ವಸ್ತುಗಳಿಗೆ ಜಿಎಸ್‌ಟಿ ಜಾರಿಯಲ್ಲಿದೆ. ಪೆಟ್ರೋಲ್, ಡೀಸೆಲ್ ಇಂದಿಗೂ ಅದರಿಂದ ಹೊರಗಿವೆ. ಅವುಗಳಿಗೆ ರಾಜ್ಯದ ಮಾರಾಟ ತೆರಿಗೆಯೇ ಇದೆ.

3,000 ರೂಪಾಯಿ ಬೆಲೆಯ ಮಿಕ್ಸಿಗೆ ಶೇ. 18 ತೆರಿಗೆ ಎಂದರೆ 540 ರೂಪಾಯಿ. ಬಿಲ್ಲಿನಲ್ಲಿ ಇದು ಎರಡು ಸಾಲುಗಳಲ್ಲಿರುತ್ತದೆ. ಸಿಜಿಎಸ್‌ಟಿ 270 ಕೇಂದ್ರಕ್ಕೆ, ಎಸ್‌ಜಿಎಸ್‌ಟಿ 270 ರಾಜ್ಯಕ್ಕೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್‌ಗಳಿಗೂ ಇಲ್ಲ.

ಮೂರು ವಿಷಯಗಳನ್ನು ನೆನಪಿಡಿ. ಒಂದು, ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಗಳೂ ಸೇರಿವೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಕೇಳುವಂತಿಲ್ಲ. ಎರಡು, ನೋಂದಣಿ ಇಲ್ಲದ ಅಂಗಡಿ ತೆರಿಗೆ ವಸೂಲಿ ಮಾಡುವಂತಿಲ್ಲ. ನೋಂದಾಯಿತ ಅಂಗಡಿಯ ಬಿಲ್ಲಿನಲ್ಲಿ 15 ಅಕ್ಷರ–ಅಂಕಿಗಳ ಸಂಖ್ಯೆ ಇರುತ್ತದೆ. ಕರ್ನಾಟಕದ್ದಾದರೆ ಅದು 29ರಿಂದ ಆರಂಭ. ಆ ಸಂಖ್ಯೆ ನಿಜವೇ ಎಂದು ಜಿಎಸ್‌ಟಿ ಜಾಲತಾಣದಲ್ಲಿ ಯಾರೂ ನೋಡಬಹುದು. ಮೂರು, ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿ ತನ್ನ ವಹಿವಾಟಿನಿಂದಲೇ ತೆರಿಗೆ ಕಟ್ಟಬೇಕು, ಗ್ರಾಹಕನಿಂದ ಪಡೆಯುವಂತಿಲ್ಲ. ಈ ವಿಷಯ ಅವನ ಅಂಗಡಿಯ ಫಲಕದಲ್ಲೇ ಬರೆದಿರಬೇಕು. ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ‘ಬಿಲ್ ಬೇಡವಾದರೆ ಕಡಿಮೆ ಮಾಡಿಕೊಡ್ತೇನೆ’ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಕೆಲವೊಮ್ಮೆ ನಾವೇ ಕೇಳುತ್ತೇವೆ. ಬಿಲ್ ಇಲ್ಲದಿದ್ದರೆ ನಾಳೆ ಮಿಕ್ಸಿ ಕೆಟ್ಟಾಗ ವಾರಂಟಿ ಕೇಳಲು ನಮ್ಮ ಕೈಯಲ್ಲಿ ಆಧಾರವಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ನಮ್ಮ ಮಕ್ಕಳ ವಿದ್ಯಾರ್ಥಿವೇತನ, ಸರಕಾರಿ ಶಾಲೆ, ಆಸ್ಪತ್ರೆಗಳಿಗೆ ಸರಕಾರ ಹಣ ಕೊಡಬೇಕೆಂದು ನಾವು ಮನವಿ ಸಲ್ಲಿಸುತ್ತೇವೆ. ಆ ಬೊಕ್ಕಸಕ್ಕೆ ಸೇರಬೇಕಾದುದನ್ನು ನಾವೇ ತಡೆದು, ಬಳಿಕ ಕೈಯೊಡ್ಡುವುದು ಹೇಗೆ?

ನಮ್ಮ ಸಮುದಾಯದಲ್ಲಿ ವ್ಯಾಪಾರಿಗಳು ಬಹಳ. ಅವರಲ್ಲಿಯೂ ನನ್ನ ವಿನಂತಿ: ಗ್ರಾಹಕ ತೆರಿಗೆಯೆಂದು ಕೊಟ್ಟ ಹಣ ನಿಮ್ಮ ಲಾಭವಲ್ಲ, ಅದು ಅಮಾನತ್. ಅಮಾನತನ್ನು ತಲುಪಿಸುವುದು ಈಮಾನಿನ ಭಾಗವೆಂದು ನಾವು ಮದ್ರಸದಲ್ಲೇ ಕಲಿತವರಲ್ಲವೇ?

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಒಂದು ಬಿಲ್ ತೆಗೆದು ತಾಯಿಗೆ ಓದಿ ಹೇಳಿ. ನೀವು ಕಲಿತ ಶೇಕಡಾ ಲೆಕ್ಕ ಅಲ್ಲಿಗೆ ಸಾರ್ಥಕವಾಯಿತು. ಪ್ರಾಮಾಣಿಕವಾಗಿ ಕೊಡುವ, ಧೈರ್ಯದಿಂದ ಕೇಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.