ರಸೀದಿ ಪುಸ್ತಕ ಹಿಡಿಯುವ ಮುನ್ನ
(ಕೊಳಗಲ್ಲಿನಲ್ಲಿ ಮಾಡಿದ ಭಾಷಣದಿಂದ)



ವಿದ್ಯಾರ್ಥಿವೇತನ ನಿಧಿಗಾಗಿ ಈ ಊರಿನ ಯುವಕರು ಮನೆಮನೆಗೆ ಹೊರಟಿದ್ದಾರೆ. ನಿಧಿ ಸಂಗ್ರಹಕ್ಕೆ ಸಲಹೆ ನೀಡುವುದು ಇಂದು ಉದ್ಯೋಗವೇ ಆಗಿದೆ; ಆದರೂ ಈ ವಿದ್ಯೆ ಹಿರಿಯರ ಹಿಂದೆ ನಡೆದೇ ಬರಬೇಕು.

ಮದ್ರಸಾದ ದಿನಗಳಲ್ಲಿ, ರಮಝಾನಿನಲ್ಲಿ, ನಾವು ಉಸ್ತಾದರೊಡನೆ ದೇಣಿಗೆ ಸಂಗ್ರಹಕ್ಕೆ ಹೋಗುತ್ತಿದ್ದೆವು. ಬೀಡಿ ಕಟ್ಟುವ ವೃದ್ಧೆಯೊಬ್ಬರು ಎರಡು ರೂಪಾಯಿ ಕೊಟ್ಟರು. ಇಷ್ಟಕ್ಕೆ ರಸೀದಿಯೇಕೆಂದು ನಾವು ಬರೆಯಲಿಲ್ಲ. ಸಂಜೆ ಲೆಕ್ಕ ನೋಡಿದ ಉಸ್ತಾದರು ಗದರಲಿಲ್ಲ. ಇಫ್ತಾರ್ ಮುಗಿದೊಡನೆ ನಮ್ಮನ್ನು ಅದೇ ಮನೆಗೆ ಕರೆದೊಯ್ದು, ರಸೀದಿ ಬರೆಸಿ, ಆಕೆಯಲ್ಲಿ ಕ್ಷಮೆ ಕೇಳಿದರು. ತಪ್ಪು ನಮ್ಮದು, ಕ್ಷಮೆ ಅವರದು!

1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಸಂಸ್ಥೆ ಕಟ್ಟಿದ ಡಾ. ಮುಮ್ತಾಝ್ ಅಹ್ಮದ್ ಖಾನರಿಗೆ ಸರ್ ಸಯ್ಯದರೇ ಸ್ಫೂರ್ತಿ. ಅಲೀಗಢದ ಕಾಲೇಜಿಗಾಗಿ ಸರ್ ಸಯ್ಯದರು ಇಳಿವಯಸ್ಸಿನಲ್ಲಿ ಊರೂರು ಅಲೆದಿದ್ದರು, ಗೇಲಿಯನ್ನೂ ಸಹಿಸಿದ್ದರು.

ಹಿರಿಯರೇ, ನಾಳೆ ಈ ಹುಡುಗರೊಡನೆ ನಿಮ್ಮಲ್ಲಿ ಯಾರು ಹೊರಡುತ್ತೀರಿ?